ಮೂರನೆಯ ಗಂಟೆಗೆ ಮುನ್ನ

ಸೋಮವಾರ, ೬ ಜನವರಿ ೨೦೨೫. ಬೆಳಿಗ್ಗೆ

ಚಹಾ ಆರಿತು. ಇನ್ನೊಂದು ಕಪ್ಪಿಗಾಗಿ ಹೆಂಡತಿ ಗೌರಾಬಾಯಿಯನ್ನು ಕೂಗಿದೆ. ಮತ್ತೆ ಕೂಗಿದೆ. ಎದುರುಮನೆಯವರು ಕಿಟಕಿ ತೆರೆದು ನೋಡಿದರು. ಅಡುಗೆಮನೆಯಲ್ಲಿದ್ದ ಇವಳಿಗೆ ಮಾತ್ರ ಕೇಳಲಿಲ್ಲ. ಕಿವಿಯ ಮಶೀನು ಡಬ್ಬಿಯಲ್ಲೇ ಇದೆ. ಸಿಳ್ಳೆ ಹೊಡೆಯುತ್ತದಂತೆ. ಕೊನೆಗೆ ಸೊಸೆ ಕೋಮಲ ತಂದಿಟ್ಟಳು.

"ಮಾವಾರ, ಸಾವಕಾಶ ಮಾತಾಡ್ರಿ. ನೀವು ಒದರಿದಷ್ಟೂ ಅತ್ತಿಯವರು ಒಳಗ ಸರಕೋತ ಹೊಂಟಾರ."

ನೌಕರಿಯುದ್ದಕ್ಕೂ ಕೊನೆಯ ಬೆಂಚಿಗೆ ಕೇಳುವಂತೆ ಪಾಠ ಹೇಳಿದವನಿಗೆ ಧ್ವನಿಯ ಪಾಠ. ಚಹಾ ಕುಡಿದೆ.

ಸ್ಮರಣ ಸಂಚಿಕೆಗೆ ನಾಟ್ಯಗೃಹದ ಇತಿಹಾಸ — ನಾಲ್ಕನೆಯ ಪುಟ. ನಿಪ್ಪಾಣಿಯ ಚಂದ್ರಮೌಳಿ ನಾಟ್ಯಗೃಹ. ತಂಬಾಕಿನ ವ್ಯಾಪಾರಿ ಮುರಗೆಪ್ಪನವರು ತಮ್ಮ ಹಳೆಯ ವಖಾರಿಯ ಜಾಗದಲ್ಲಿ ಕಟ್ಟಿಸಿದ್ದು. ತೇಗದ ಕಂಬಗಳು, ಬಣ್ಣದ ಗಾಜಿನ ಕಮಾನುಗಳು, ಮೇಲೆ ಹೆಂಗಸರಿಗೆಂದೇ ಗ್ಯಾಲರಿ, ಅದಕ್ಕೆ ಬೇರೆ ಮೆಟ್ಟಿಲು. ಒಂದು ವಾರ ಕೊಲ್ಲಾಪುರದ ಕಡೆಯ ಮರಾಠಿ ಸಂಗೀತ ನಾಟಕ, ಮರುವಾರ ಗದಗಿನ ಕಡೆಯ ಕನ್ನಡ ಕಂಪನಿ. ಆಮೇಲೆ ಸಿನಿಮಾ. ಆಮೇಲೆ ತಂಬಾಕಿನ ಗೋದಾಮು. ಆಮೇಲೆ ಬೀಗ. ಈಗ ಊರವರ ಕಮಿಟಿಯೊಂದು ದುರಸ್ತಿ ಮಾಡಿಸುತ್ತಿದೆ. ಮಾರ್ಚಿನಲ್ಲಿ ಮತ್ತೆ ತೆರೆಯುತ್ತದೆ.

ದೊಡ್ಡ ನಟರೊಬ್ಬರು ಇಲ್ಲಿ ಕೋಳಿ ಕೂಗುವ ತನಕ ಹಾಡಿದರೆಂದು ಬರೆಯಬೇಕಂತೆ ಕಮಿಟಿಗೆ. ಆಧಾರ ಕೇಳಿದೆ. "ಎಲ್ಲಾರೂ ಹೇಳ್ತಾರಲ್ರಿ" ಎಂದರು. ಬರೆಯಲಿಲ್ಲ.

ಗುರುವಾರ, ೯ ಜನವರಿ

ಸಂತೆಯ ಗದ್ದಲ ದಾಟಿ ನಾಟ್ಯಗೃಹಕ್ಕೆ ಹೋದೆ. ಮನಸ್ಸು ಕಹಿಯಾಗಿದೆ. ಕ್ರಮವಾಗಿ ಬರೆಯುತ್ತೇನೆ.

ಕಮಿಟಿಯ ಅಧ್ಯಕ್ಷ ಭಾವುಸಾಹೇಬ — ನನ್ನ ಹಳೆಯ ವಿದ್ಯಾರ್ಥಿ, ಈಗ ಅಕ್ಕೋಳದಲ್ಲಿ ಕಬ್ಬಿನ ಧಣಿ — ಇಂಜಿನಿಯರ್ ರೂಪೇಶನನ್ನು ಪರಿಚಯಿಸಿದ. ವೇದಿಕೆಯ ಹಲಗೆ ಕಿತ್ತಿದ್ದರು. ಕೆಳಗೆ ಹಗೇವು. ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಮುರಗೆಪ್ಪನವರು ಅದನ್ನು ಮುಚ್ಚಿಸದೆ ಅದರ ಮೇಲೆಯೇ ವೇದಿಕೆ ಹಾಸಿಸಿದ್ದರು; ನಟನ ಮಾತು ಕೆಳಗಿಳಿದು, ತುಂಬಿಕೊಂಡು ಮೇಲೇಳುತ್ತಿತ್ತು.

"ಇದನ್ನ ಗರಸು ಮಣ್ಣು ಹಾಕಿ ತುಂಬತೀವ್ರಿ ಸರ, ಮ್ಯಾಲ ಕಾಂಕ್ರೀಟ್" ಎಂದ ರೂಪೇಶ. "ಗ್ಯಾಲರಿ ಫಾಲ್ಸ್ ಸೀಲಿಂಗಿನ್ಯಾಗ ಮುಚ್ಚಿ ಹೋಗ್ತೈತಿ."

"ಅದು ನಾಟ್ಯಗೃಹದ ಗಂಟಲು" ಎಂದೆ.

"ಸೌಂಡ್ ಸಿಸ್ಟಮ್ ಬರಾಕತ್ತೈತ್ರಿ. ಹೊಸಾ ಗಂಟಲ."

ಆಗ ಪದ್ಧತಿಯನ್ನು ವಿವರಿಸಿದೆ. ಮೈಕು ಇಲ್ಲದ ಕಾಲ. ನಾಟಕ ಶುರುವಾಗುವ ಮೂರನೆಯ ಗಂಟೆ ಬಾರಿಸುವ ಮುನ್ನ ಕಂಪನಿಯ ಮ್ಯಾನೇಜರು ಪರದೆಯ ಮುಂದೆ ನಿಂತು ಸಾಧಾರಣ ಧ್ವನಿಯಲ್ಲಿ ಕೇಳುತ್ತಿದ್ದರು — "ಮ್ಯಾಲ ಕೇಳ್ತೈತೇನ್ರಿ?" ಮರಾಠಿ ವಾರದಲ್ಲಿ "ವರ ಐಕೂ ಯೇತಂ ಕಾ?" ನಾಲ್ಕು ಜನರ ನಡುವೆ ಹೆಂಗಸರು ದನಿ ಎತ್ತುವಂತಿರಲಿಲ್ಲ. ಗ್ಯಾಲರಿಯ ಅಂಚಿನ ಮರದ ಕಟಾಂಜನಕ್ಕೆ ಬಳೆ ತಾಗಿಸಿ ಉತ್ತರ ಕೊಡುತ್ತಿದ್ದರು. ಗಂಡ ತೀರಿದ ಬರಿಗೈಯವರು ಎಲೆಯಡಿಕೆಯ ಡಬ್ಬಿ ತಟ್ಟುತ್ತಿದ್ದರು. ಆ ಸದ್ದು ಬಂದ ಮೇಲೆಯೇ ಗಂಟೆ, ಪರದೆ. ಕಟಾಂಜನದ ಮರದಲ್ಲಿ ಇಂದಿಗೂ ಸಣ್ಣ ಸಣ್ಣ ಕಚ್ಚುಗಳಿವೆ. ಬೆರಳಾಡಿಸಿ ನೋಡಿದ್ದೇನೆ.

ಭಾವುಸಾಹೇಬ ನಕ್ಕ. "ಗುರುಗಳ, ಸಾಲ್ಯಾಗ ನೀವು ನನಗ ಆಧಾರ ಕೇಳತಿದ್ರಿ. ಈಗ ನಾ ಕೇಳ್ತೀನಿ. ಮುಂದಿನ ವಾರದ ರವಿವಾರ ಸ್ಟೇಜಿನ ಮ್ಯಾಲ ನಿಂತು ಮಾತಾಡ್ರಿ. ಮೈಕಿಲ್ಲದ ಮಾತು ಗ್ಯಾಲರಿಗೆ ಮುಟ್ಟಿದ್ರ ಹಗೇವು, ಗ್ಯಾಲರಿ ಎರಡನ್ನೂ ಹಂಗ ಬಿಡೂಣು. ಮುಟ್ಟಲಿಲ್ಲಂದ್ರ ಮರುದಿನ ಗರಸಿನ ಟ್ರ್ಯಾಕ್ಟರ್ ಬರ್ತಾವ."

"ಮ್ಯಾಲ ಯಾರನ್ನ ಕುಂದ್ರಸೂದ್ರಿ?" ರೂಪೇಶನ ಪ್ರಶ್ನೆ.

"ನಮ್ಮ ಮನೆಯವಳನ್ನು."

"ಅಲ್ರಿ, ಅಕ್ಕಾರಿಗೆ ಕಿವಿ..." ಎಂದು ಭಾವುಸಾಹೇಬ ನಿಲ್ಲಿಸಿದ.

"ಅದಕ್ಕಾಗಿಯೇ" ಎಂದೆ.

ಮಾತು ಆಡಿ ಹೊರಗೆ ಬಂದೆ. ಬಸ್ ಸ್ಟ್ಯಾಂಡಿನವರೆಗೂ ಬೆನ್ನು ನೆಟ್ಟಗಿತ್ತು. ಅಲ್ಲಿಂದ ಮನೆಗೆ ಬರುವಷ್ಟರಲ್ಲಿ...

ಬುಧವಾರ, ೧೫ ಜನವರಿ

ನಿನ್ನೆ ಸಂಕ್ರಾಂತಿ. ಅರಿಶಿನ-ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಹೋದ ಮೇಲೆ ಗೌರಾಳಿಗೆ ವಿಷಯ ಹೇಳಿದೆ. ಕೂಗಿಯೇ ಹೇಳಿದೆ. ಓಣಿಗೆಲ್ಲ ಗೊತ್ತಾಯಿತು.

ಮದುವೆಯಾಗಿ ಬಂದ ವರ್ಷ ಅತ್ತೆಯೊಡನೆ ಅದೇ ಗ್ಯಾಲರಿಯಲ್ಲಿ, ಬಲಮೂಲೆಯಲ್ಲಿ ಕುಳಿತವಳು. ನಾನು ಕೆಳಗೆ, ಗಂಡಸರೊಡನೆ. ಅಲ್ಲಿ ನಾಯಕಿ ಅಳುವ ಮುಂಚಿನ ಉಸಿರೂ ಕೇಳುತ್ತಿತ್ತು ಎನ್ನುತ್ತಾಳೆ. ನನಗೆ ಅದು ಕೇಳಿದ ನೆನಪಿಲ್ಲ.

ಇಂದು ಕೋಮಲ ಅವಳನ್ನು ಬಳೆಗಾರರ ಅಂಗಡಿಗೆ ಕರೆದೊಯ್ದಳು. ಹಸಿರು ಗಾಜಿನ ಬಳೆ. ಚಿನ್ನದ ಪಾಟಲಿಗಳ ನಡುವೆ ತೊಡಿಸಿಕೊಂಡು ಬಂದಳು. ಹತ್ತಿರ ಕುಳಿತಳು.

"ನನಗ ಕೇಳಲಿಲ್ಲಂದ್ರ?"

"ಕೇಳುತ್ತದೆ."

"ಕೇಳಲಿಲ್ಲಂದ್ರೂ ಬಳಿ ಬಾರಸ್ತೀನಿ ಬಿಡ್ರಿ. ನೀವು ಬಾಯಿ ತಗದದ್ದು ಕಾಣಸ್ತೈತಿ. ಯಾರಿಗೆ ತಿಳೀಬೇಕು."

ಬೇಡವೆಂದೆ. ಕೇಳಿದರೆ ಮಾತ್ರ. ಅವಳು ನನ್ನ ಮುಖ ನೋಡಿದಳು. "ನಿಮಗ ಆ ಹಗೇವು ಬೇಕೋ, ನೀವಂದದ್ದು ಖರೇ ಆಗೂದು ಬೇಕೋ?"

ಎರಡೂ, ಎಂದು ಇಲ್ಲಿ ಬರೆಯಬಹುದು.

ರವಿವಾರ, ೧೯ ಜನವರಿ. ಸಂಜೆ

ಹಲಗೆಗಳನ್ನು ಮತ್ತೆ ಹಾಸಿದ್ದರು. ಕೋಮಲ ಅವಳ ಕೈಹಿಡಿದು ಮೇಲೆ ಹತ್ತಿಸಿ, ಬಲಮೂಲೆಯಲ್ಲಿ ಕೂರಿಸಿ, ಕೆಳಗಿಳಿದು ಬಂದಳು. ಬೇರೆ ಯಾರೂ ಸನ್ನೆ ಮಾಡಬಾರದೆಂದು ನಾನೇ ಹೇಳಿದ್ದೆ. ನಾನು ಪಕ್ಕದ ಪರದೆಯ ಮರೆಯಲ್ಲಿ ನಿಂತೆ, ಬಾಯಿ ಕಾಣದಂತೆ.

ಸಿದ್ಧಪಡಿಸಿಕೊಂಡು ಹೋದ ವಾಕ್ಯ: "ಚಂದ್ರಮೌಳಿ ನಾಟ್ಯಗೃಹದ ಮಾನ್ಯ ಪ್ರೇಕ್ಷಕರೇ, ಮೇಲಿನವರಿಗೆ ನನ್ನ ಮಾತು ಸ್ಪಷ್ಟವಾಗಿ ಕೇಳಿಸುತ್ತಿದೆಯೇ?"

ಸದ್ದಿಲ್ಲ.

ಇನ್ನಷ್ಟು ಎತ್ತರಿಸಿ ಹೇಳಿದೆ. ಧ್ವನಿ ಹಿಂದಿನ ಗೋಡೆಗೆ ಬಡಿದು ಮರಳಿ ಬಂತು. ಪದಗಳು ಒಂದರ ಮೇಲೊಂದು ಬಿದ್ದವು. ಮೇಲಿಂದ ಏನೂ ಇಲ್ಲ. ಮೂರನೆಯ ಬಾರಿ ಗಂಟಲು ಒಡೆಯಿತು. ರೂಪೇಶ ಫೋನು ನೋಡತೊಡಗಿದ. ಭಾವುಸಾಹೇಬ ಹತ್ತಿರ ಬಂದು ನನ್ನ ತೋಳು ಮುಟ್ಟಿದ. "ಹೋಗ್ಲಿ ಬಿಡ್ರಿ ಗುರುಗಳ. ಇತಿಹಾಸದಾಗ ಬರೀರಿ, ಉಳೀತೈತಿ." ಮೆದುವಾಗಿ ಹೇಳಿದ. ಅದೇ ಹೆಚ್ಚು ಚುಚ್ಚಿತು.

ಆಗ ಮೇಲಿನಿಂದ ಅವಳ ದನಿ. ಕೂಗಲಿಲ್ಲ, ಪಕ್ಕದಲ್ಲಿ ಕುಳಿತು ಸೊಪ್ಪು ಸೋಸುತ್ತ ಆಡಿದಂತೆ —

"ಅಲ್ಲಿ ಸಾಲಿ ತಗೀಬ್ಯಾಡ್ರಿ. ಒದರೂದು ಕೇಳ್ತೈತಿ. ಮಾತು ಕೇಳವಲ್ದು."

ಮೂವರೂ ಮೇಲೆ ನೋಡಿದರು.

ಸಾಧಾರಣ ಧ್ವನಿ. ನಾಲ್ಕನೆಯ ಪುಟದಲ್ಲಿ ನಾನೇ ಬರೆದದ್ದು. ಮಾತು ಹಗೇವಿಗೆ ಇಳಿಯಬೇಕು. ನಾನು ಅದನ್ನು ಕೊನೆಯ ಬೆಂಚಿಗೆ ಎಸೆಯುತ್ತಿದ್ದೆ. ಸರಿ, ಸಾಧಾರಣವಾಗಿ ಮಾತಾಡಬೇಕು. ಬಾಯಿ ತೆರೆದೆ. ಸಿದ್ಧ ವಾಕ್ಯ ಆ ಧ್ವನಿಗೆ ಹೊಂದಲಿಲ್ಲ. ಅವಳೊಡನೆ ಮೆಲ್ಲಗೆ ಆಡುವ ಮಾತೊಂದೂ ನನ್ನ ಬಳಿ ಸಿದ್ಧವಿರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನು ಕೇಳಿದೆ.

"ಗೌರಾ, ಮೆಟ್ಟಲಾ ಹತ್ತೂದ್ರಾಗ ಮೊಣಕಾಲು ನೂಸಿದುವೇನು?"

ಪಾದದಡಿಯಲ್ಲಿ ಹಲಗೆ ಸಣ್ಣಗೆ ಗುಂಯ್‌ಗುಟ್ಟಿತು.

ಬಳೆ. ಕಟಾಂಜನದುದ್ದಕ್ಕೂ ಎಳೆದಂತೆ, ಆ ಕಚ್ಚುಗಳ ಮೇಲೆ.

"ನೂಸ್ಯಾವ" ಎಂದಳು. "ಇಷ್ಟ ದಿನಕ್ಕ ಕೇಳಿದ್ರಿ."

ಭಾವುಸಾಹೇಬ ಬಣ್ಣದ ಗಾಜುಗಳನ್ನು ನೋಡುತ್ತ ನಿಂತ. ರೂಪೇಶ ಕುಕ್ಕರುಗಾಲಲ್ಲಿ ಕುಳಿತು ಹಲಗೆಗೆ ಅಂಗೈ ಇಟ್ಟ. ಒಮ್ಮೆ ಕಾಕತಾಳೀಯ ಇರಬಹುದು, ನೀವೇ ಮೇಲೆ ಹೋಗಿ ಕೇಳಿ ಎಂದು ನಾನೇ ಒತ್ತಾಯಿಸಿದೆ. ಹೋದ. ಭಾವುಸಾಹೇಬ ಕೆಳಗಿನಿಂದ, "ಊಟಾ ಆತೇನ್ರಿ ಇಂಜಿನಿಯರ್ ಸಾಹೇಬರ?" ಎಂದ, ತುಟಿ ಅಲುಗಿಸಿದಷ್ಟೇ.

"ಇನ್ನಾ ಇಲ್ರಿ" ಎಂದಿತು ಗ್ಯಾಲರಿ.

ಶುಕ್ರವಾರ, ೩೧ ಜನವರಿ

ಗರಸಿನ ಟ್ರ್ಯಾಕ್ಟರ್ ಬಂತು. ಹೊರಗಿನ ಅಂಗಳಕ್ಕೆ ಸುರಿದು ಹೋಯಿತು. ಹಗೇವಿನ ಗೋಡೆಗೆ ಸುಣ್ಣದ ಗಾರೆ ಹಚ್ಚಿಸುತ್ತಿದ್ದಾರೆ. ಫಾಲ್ಸ್ ಸೀಲಿಂಗ್ ಮುಂಬಾಗಿಲ ಹಾಲಿಗೆ ಮಾತ್ರ. ಸೌಂಡ್ ಸಿಸ್ಟಮ್ ಕೂಡ ಬರುತ್ತದೆ. ಭಾವುಸಾಹೇಬನಿಗೆ ಅದೂ ಬೇಕು. ಇರಲಿ.

ಇತಿಹಾಸ ಮುಗಿಯಿತು. ಬಳೆಯ ಪದ್ಧತಿಯ ಕೆಳಗೆ ಆಧಾರ ಕೊಟ್ಟಿದ್ದೇನೆ: ಗೌರಾಬಾಯಿ, ಪ್ರೇಕ್ಷಕಿ. ಕೋಮಲ ಓದಿ, "ಊರೂ ಹಾಕ್ರಿ ಮಾವಾರ, ರಾಯಬಾಗದವ್ರಂತ" ಎಂದಳು. ಹಾಕಿದೆ.

ಮನೆಯಲ್ಲಿ ಮೆಲ್ಲಗೆ ಮಾತಾಡಿ ನೋಡಿದೆ. ಕೇಳುವುದಿಲ್ಲ. ನಮ್ಮ ನೆಲದಡಿಯಲ್ಲಿ ಹಗೇವಿಲ್ಲ. ಹತ್ತಿರ ಹೋಗಿ ಹೇಳಬೇಕಾಗುತ್ತದೆ.

ರವಿವಾರ, ೨ ಮಾರ್ಚ್. ಸಂಜೆ ೫

ಇನ್ನು ಸ್ವಲ್ಪ ಹೊತ್ತಿಗೆ ಹೊರಡಬೇಕು. ಇಂದು ಮೊದಲ ನಾಟಕ. ಮೂರನೆಯ ಗಂಟೆಗೆ ಮುನ್ನ ಆ ಪ್ರಶ್ನೆಯನ್ನು ನಾನೇ ಕೇಳಬೇಕಂತೆ, ಎರಡೂ ಭಾಷೆಗಳಲ್ಲಿ. ಈಗ ಹೆಂಗಸರು ಎಲ್ಲಿಯಾದರೂ ಕೂರಬಹುದು. ಆದರೂ ಕೋಮಲ ಮತ್ತವಳ ಗೆಳತಿಯರು ಮೇಲೆಯೇ ಜಾಗ ಹಿಡಿದಿದ್ದಾರಂತೆ. ಬಳೆಗಾರನಿಗೆ ಒಳ್ಳೆಯ ದಿನ.

ಕೋಟು ತೊಟ್ಟಾಯಿತು. ಒಳಕೋಣೆಯಿಂದ ಗೌರಾ ಏನೋ ಅಂದಳು. ಮೆಲ್ಲಗೆ. ನನಗೇ ಕೇಳಲಿಲ್ಲ. "ಏನು?" ಎಂದು ಇಲ್ಲಿಂದಲೇ ಕೂಗಲು ಬಾಯಿ ತೆರೆದೆ —

ಬೇಡ. ಎದ್ದು ಹೋಗಿ ಕೇಳುತ್ತೇನೆ.