ನ್ಯೂ ಹ್ಯಾಂಪ್‌ಶೈರಿನ ಟ್ರಸ್ಟಿಗೆ

ಮಚಾಯಸ್, ಮೇಯ್ನ್
ಸೆಪ್ಟೆಂಬರ್ ೯

ಪ್ರೀತಿಯ ತಂಗಿ ಕೊರಿನ್,

ನಿನ್ನ ಕಾಗದ, ಜೊತೆಗೆ ಸಹಿ ಹಾಕಿದ ರಾಜೀನಾಮೆ, ಎರಡೂ ತಲುಪಿದವು. ಟ್ರಸ್ಟಿ ಪಟ್ಟ ನನಗೇ ಬಿಟ್ಟು, ಊರಿಗೇ ಬಂದು ನನ್ನ ಜೊತೆ ಇರುತ್ತೇನೆಂದು ಬರೆದಿದ್ದೀಯ. ಉತ್ತರ ಕೊಡುವ ಮೊದಲು ಬ್ಯಾಂಗರ್‌ನ ಫೆಡರಲ್ ಕೋರ್ಟಿನಲ್ಲಿ ಆದದ್ದನ್ನು ಹೇಳಬೇಕು. ನಿನಗೆ ಜ್ವರವಿತ್ತು. ನಾನೊಬ್ಬಳೇ ಹೋಗಿ ಕೂತಿದ್ದೆ.

ಆ ಔಷಧಿ ಸಿಂಪಡಿಸುವ ಕಂಪನಿಯ ವಿಮಾನ ನಮ್ಮ ಬ್ಲೂಬೆರಿ ಬಯಲನ್ನು ಪಕ್ಕದ ಪಾಳು ಜಾಗವೆಂದುಕೊಂಡು ಕಳೆನಾಶಕ ಸುರಿದಾಗ ಕೆಳಗೆ ನಿಂತಿದ್ದವಳು ನಾನು. ದಾವೆ ಮಾತ್ರ ನಿನ್ನ ಹೆಸರಲ್ಲಿ. ಕೊನೆಗಾಲದಲ್ಲಿ ಅಪ್ಪನಿಗೆ ಗಂಜಿ ಕುಡಿಸಿದವಳು ನಾನಾದರೂ, ಅವರು ಬಯಲನ್ನು ಒಂದು ಟ್ರಸ್ಟ್‌ಗೆ ಸೇರಿಸಿ, ಮದುವೆಯಾಗಿ ನ್ಯೂ ಹ್ಯಾಂಪ್‌ಶೈರಿಗೆ ಹೋದ ನಿನ್ನನ್ನು ಟ್ರಸ್ಟಿ ಮಾಡಿದರು. ನನಗೆ ಬೆಳೆಯ ಆದಾಯವಷ್ಟೇ. "ಜಿನೆಟ್‌ಗೆ ಸಿಟ್ಟು ಜಾಸ್ತಿ, ಕೊರಿನ್‌ಗೆ ತಲೆ ಜಾಸ್ತಿ" ಎನ್ನುತ್ತಿದ್ದರಲ್ಲ.

ಮಚಾಯಸ್ ಕೋರ್ಟಿನಲ್ಲಾದರೆ ಜ್ಯೂರಿಯಾಗಿ ತೀರ್ಪು ಕೊಡಲು ಕೂರುವವರು ನಮ್ಮ ಸುತ್ತಮುತ್ತಲಿನವರೇ, ಬಗ್ಗಿ ಬ್ಲೂಬೆರಿ ಬಾಚಿ ಗೊತ್ತಿರುವ ಜನ. ಅದಕ್ಕೇ ಹೆದರಿ ಕಂಪನಿ ಕೇಸನ್ನು ಬ್ಯಾಂಗರ್‌ಗೆ ಎಳೆದದ್ದು. ಬೇರೆ ಬೇರೆ ರಾಜ್ಯದವರ ಜಗಳವಾದರೆ ತಾನೇ ಇಂಥ ಕೇಸಿಗೆ ಆ ಕೋರ್ಟು ಕೈಹಾಕುವುದು? ಅವರ ವಕೀಲ ನನ್ನ ಕಡೆ ಕೈ ತೋರಿಸಿದ: "ನಷ್ಟ ಆಗಿರೋದು ಈಯಮ್ಮಂಗೆ. ಇವರು ಮೇಯ್ನ್‌ನವರು, ನಮ್ಮದು ನ್ಯೂ ಹ್ಯಾಂಪ್‌ಶೈರ್ ಕಂಪನಿ."

ನಿಜ ಹೇಳಲೇ? ನಾಲ್ಕು ಜನರ ಮುಂದೆ ನಷ್ಟ ನನ್ನದೆಂದು ಒಪ್ಪಿಕೊಂಡವನು ಶತ್ರುವಿನ ವಕೀಲನೊಬ್ಬನೇ. ಅವನೇ ಗೆಲ್ಲಲಿ ಅನ್ನಿಸಿಬಿಟ್ಟಿತು.

ನಮ್ಮ ವಕೀಲ ಥರ್ಲೋ ಎದ್ದರು: "ಇದು ಹಳೇ ಥರದ ಟ್ರಸ್ಟು, ಸ್ವಾಮಿ. ಬಯಲು ಟ್ರಸ್ಟಿ ಹೆಸರಲ್ಲಿದೆ, ದಾವೆ ಹಾಕೋ ಹಕ್ಕೂ ಅವರದೇ. ಅವರು ಯಾವ ರಾಜ್ಯದವರು ಅನ್ನೋದಷ್ಟೇ ಲೆಕ್ಕ." ನ್ಯಾಯಾಧೀಶೆ ಒಪ್ಪಿದರು. ಆದಾಯ ಪಡೆಯುವವರ ಊರು ಇಲ್ಲಿ ಲೆಕ್ಕಕ್ಕಿಲ್ಲ ಎಂದು ನನ್ನನ್ನೇ ನೋಡುತ್ತ ಹೇಳಿದರು. ಆ ಕಡೆಯೂ ನ್ಯೂ ಹ್ಯಾಂಪ್‌ಶೈರ್, ಈ ಕಡೆಯೂ ನ್ಯೂ ಹ್ಯಾಂಪ್‌ಶೈರ್. ಕೇಸು ಮಚಾಯಸ್‌ಗೆ ವಾಪಸ್.

"ನಿಮ್ಮ ತಂಗಿ ಊರು ಬಿಟ್ಟಿದ್ದೇ ಒಳ್ಳೇದಾಯ್ತು ಕಣಮ್ಮ!" ಎಂದು ಥರ್ಲೋ ನನ್ನ ಬೆನ್ನು ತಟ್ಟಿದರು. ನಕ್ಕೆ. ಊರು ಬಿಡದೆ ಉಳಿದವಳು ನಾನು. ಗೆದ್ದ ಖುಷಿಗೆ ಅವರು ಕೊಡಿಸಿದ ಮೀನಿನ ಸೂಪನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಅಷ್ಟರಲ್ಲಿ ನಿನ್ನ ರಾಜೀನಾಮೆ ಬಂತು. ಕೋಟು ಕೂಡ ಹಾಕಿಕೊಳ್ಳದೆ ಥರ್ಲೋ ಹತ್ತಿರ ಓಡಿದೆ. ಅವರು ಓದಿ ತಲೆಯಾಡಿಸಿದರು: "ಈಗ ಬೇಡ. ನೀವಾಗಿ ನೀವೇ ಮೇಯ್ನ್‌ನವರನ್ನ ಟ್ರಸ್ಟಿ ಮಾಡಿದ್ರೆ, ಮತ್ತೆ ಬ್ಯಾಂಗರ್‌ಗೆ ಎಳೆಯೋಕೆ ಅವರಿಗೆ ದಾರಿ ಮಾಡ್ಕೊಟ್ಟ ಹಾಗಾಗ್ಬಹುದು."

ಜೀವನವಿಡೀ ಆಸೆಪಟ್ಟದ್ದು ಕೈಗೆ ಬಂದಿದೆ. ಅದನ್ನು ನಾನೇ ಮಡಚಿ ಇದರೊಳಗಿಟ್ಟು ಕಳಿಸುತ್ತಿದ್ದೇನೆ. ಬಯಲು ಉಳಿಯಬೇಕಾದರೆ ನೀನೇ ಟ್ರಸ್ಟಿಯಾಗಿರು. ಊರಿಗೂ ಬರಬೇಡ, ನೀನು ಮೇಯ್ನ್‌ನಲ್ಲಿ ನೆಲೆಸಿದರೂ ಕೇಸು ಕೆಡುತ್ತದೆ.

ಮೈ ಹುಷಾರು.

ನಿನ್ನ ಅಕ್ಕ,
ಜಿನೆಟ್

ಮರೆತ ಮಾತು: ನೀನು ಥರ್ಲೋಗೆ ಫೋನ್ ಮಾಡಿ ಕೇಳೇ ಕೇಳುತ್ತೀಯ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಟ್ರಸ್ಟಿ ಬದಲಾಗಬಾರದು ಎಂದದ್ದು ಅವರು. ಊರಿಗೆ ಬರಬೇಡ ಎಂದದ್ದು ನಾನು. ಕೇಸು ಹಾಕಿದಾಗ ನೀನು ಯಾವ ರಾಜ್ಯದವಳಾಗಿದ್ದೆ ಅನ್ನುವುದಷ್ಟೇ ಲೆಕ್ಕವಂತೆ, ಇನ್ನು ಎಲ್ಲಿ ನೆಲೆಸಿದರೂ ಕೇಸಿಗೆ ಏನೂ ಆಗುವುದಿಲ್ಲವಂತೆ. ಹೆಸರಂತೂ ನಿನ್ನದು, ಬಯಲಲ್ಲಿ ನಿಲ್ಲುವುದಾದರೂ ನನ್ನೊಬ್ಬಳಿಗೇ ಇರಲಿ ಅನ್ನಿಸಿತು. ಬರುವುದಾದರೆ ಬಾ. ಅಪ್ಪನ ಕೋಣೆ ಮಾತ್ರ ನನ್ನದು.