ಅಂತರ ಇದೆ, ವಿಮಾನ ಇಲ್ಲ

ಸೆಪ್ಟೆಂಬರ್ 6, ಸಂಜೆ

ಬಬಲೇಶ್ವರದ ಶಾಲೆಯಿಂದ ಈಗ ಬಂದೆ. ಬಸ್ಸಿನಲ್ಲಿ ಇಂದೂ ನಿಂತೇ. ಗಣಿತದ ಪೇಪರ್‌ ತಿದ್ದಬೇಕು — ಇರಲಿ.

ತಿಕೋಟಾದ ಮನೆಯಲ್ಲಿ ಆಯಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಪ್ಪನ ತಾಯಿ ಚಂದ್ರಾಬಾಯಿ, ಹಟದಲ್ಲಿ ನನ್ನ ಗುರು. ಬೆನ್ನಿನ ಆಪರೇಷನ್ ಆದಮೇಲೆ ಎರಡು ತಾಸಿಗಿಂತ ಹೆಚ್ಚು ಕೂರಬಾರದು ಎಂದಿದ್ದಾರೆ ಡಾಕ್ಟರ್. ದಸರೆಗೆ ರೈಲಿನಲ್ಲಿ ನಾಗಪುರದ ದೀಕ್ಷಾಭೂಮಿಗೆ ಹೋಗುವುದು ಅವಳ ವರ್ಷವರ್ಷದ ಯಾತ್ರೆ; ಆ ಗದ್ದಲದಲ್ಲಿ ಮಲಗಲು ಜಾಗವೆಲ್ಲಿ, ಹೋದ ವರ್ಷವೇ ತಪ್ಪಿತು.

"ಈ ಸಲಾನೂ ತಪ್ಪಿದ್ರ, ಮುಂದ ನಾ ಇರ್ತೀನೋ ಇಲ್ಲೋ."

ಮೊಬೈಲಿನಲ್ಲಿ ಹುಡುಕಿದೆ. ವಿಜಯಪುರ–ನಾಗಪುರ: ಆರುನೂರು ಕಿಲೋಮೀಟರ್, ವಿಮಾನದಲ್ಲಿ ಸುಮಾರು ಒಂದೂಕಾಲು ತಾಸು.

"ಆಯಿ, ಏಳ. ಒಂದೂಕಾಲು ತಾಸು ಅಷ್ಟ."

ಎದ್ದು ಕೂತಳು. ಚಹಾ ಕೇಳಿದಳು.

ಸೆಪ್ಟೆಂಬರ್ 8

ವಿಜಯಪುರದ ಸ್ಟೇಷನ್ ರಸ್ತೆ. ಟ್ರಾವೆಲ್ಸ್ ನಡೆಸುವ ರುಕ್ಸಾರ ನಗು ತಡೆದುಕೊಂಡಳು. "ಅಂತರ ಐತ್ರಿ ಮೇಡಂ, ವಿಮಾನ ಇಲ್ರಿ. ವೆಬ್‌ಸೈಟ್‌ನವರು ನಕಾಶಿ ಮ್ಯಾಲ ಗೆರಿ ಹೊಡದು ತಾಸು ಹೇಳ್ತಾರ. ಹಾರಬೇಕಂದ್ರ ಪುಣೆಕ್ಕ ಹೋಗ್ಬೇಕ್ರಿ."

ಪುಣೆಯಿಂದ ಹಾರಾಟ ಒಂದೂವರೆ ತಾಸೇ. ಪುಣೆ ಮುಟ್ಟುವುದಕ್ಕೇ ಏಳೆಂಟು ತಾಸು. ಗಣಿತ ಕಲಿಸುವವಳು ನಾನು. ನಾಚಿಕೆಯಾಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ — ಆಯಿ ಆಗಲೇ ಓಣಿಗೆಲ್ಲ ಹೇಳಿದ್ದಾಳೆ. ದೀಕ್ಷಾಭೂಮಿಗೆ ಉಡುವ ಬಿಳಿ ಸೀರೆ ಒಗೆದು ಹಾಕಿದ್ದಾಳೆ. ಇಲ್ಲಿಂದ ವಿಮಾನವಿಲ್ಲ ಎಂದು ಹೇಳಲಾಗಲಿಲ್ಲ... ಆದರೂ ಕರೆದೊಯ್ಯುತ್ತೇನೆ. ಹೇಗೋ ಗೊತ್ತಿಲ್ಲ.

ಸೆಪ್ಟೆಂಬರ್ 15

ಹೇಳಿಬಿಟ್ಟೆ. ಬೈಯಲಿಲ್ಲ.

"ರೈಲಿನ್ಯಾಗ ನಾ ಒಬ್ಬಾಕಿನ ಹೊಕ್ಕಿದ್ನೇನ ಬೇ? ಫೋನ್ ತಾ ಇಲ್ಲಿ."

ವರ್ಷವರ್ಷವೂ ಬೋಗಿಯಲ್ಲಿ ರೊಟ್ಟಿ ಹಂಚಿಕೊಂಡು, ದಾರಿಯುದ್ದ ಹಾಡು ಹೇಳಿದ ಗೆಳತಿಯರು. ಸೊಲ್ಲಾಪುರದಲ್ಲಿ ಒಬ್ಬಳು, ಇಂದಾಪುರದಲ್ಲಿ ಒಬ್ಬಳು, ಪುಣೆಯಲ್ಲಿ ಒಬ್ಬಳು. ಎಲ್ಲರೂ ಬಾ ಎಂದರು. ಎರಡು ತಾಸಿಗೊಂದು ಮನೆ, ಒಂದು ಹಾಸಿಗೆ. ಕೊನೆಯ ದಾರಿ ತುಸು ಉದ್ದ. ನಡುವೆ ಕಾರು ನಿಲ್ಲಿಸಿ ಮಲಗಿಸಿದರಾಯಿತು. ರುಕ್ಸಾರಳಿಗೆ ಪುಣೆಯಿಂದ ವಿಮಾನದ ಟಿಕೆಟ್, ಅಲ್ಲಿವರೆಗೆ ಬಾಡಿಗೆ ಕಾರು ಹೇಳಿದೆ.

ಸೆಪ್ಟೆಂಬರ್ 30, ಇಂದಾಪುರ

ಒಂದೂಕಾಲು ತಾಸಿನ ದಾರಿ. ಇದು ಎರಡನೇ ದಿನ.

ಆಯಿ ಮಲಗಿಕೊಂಡೇ ಗೆಳತಿಯೊಡನೆ ಹಾಡುತ್ತಿದ್ದಾಳೆ. ಅವಳ ಬೆನ್ನು ಚೆನ್ನಾಗಿದೆ. ನೋಯುತ್ತಿರುವುದು ನನ್ನದು.

ಅಕ್ಟೋಬರ್ 1, ವಿಮಾನದಲ್ಲಿ

ಏರಿದೆವು. ಕಿಟಕಿ ಆಯಿಗೆ. ಸುತ್ತ ಎಲ್ಲರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಾರೆ.

"ಇನ್ನ ಎಷ್ಟ ಐತಿ?"

"ಮುಕ್ಕಾಲು ತಾಸು."

ಮುಖ ಬಾಡಿತು. "ಇಷ್ಟರಾಗ ಎಷ್ಟ ಹಾಡ ಆಗ್ತಾವ? ಹಾಡ ಇಲ್ದ ಅಲ್ಲಿಗೆ ಹ್ಯಾಂಗ ಹೋಗೂದು?"

ಶ್ ಅಂದೆ. ಅನ್ನಬಾರದಿತ್ತು. ಶುರು ಮಾಡಿಯೇಬಿಟ್ಟಳು — ರೈಲಿನ ಇಡೀ ಬೋಗಿಗೆ ಕೇಳುವಂಥ ದನಿಯಲ್ಲಿ. ಎಲ್ಲ ತಲೆಗಳೂ ಈ ಕಡೆ. ಏರ್ ಹೋಸ್ಟೆಸ್ ಬರುತ್ತಿದ್ದಾಳೆ.

ಆಯಿ ಪಲ್ಲವಿ ಮುಗಿಸಿದಳು. ಅಲ್ಲಿಗೇ ನಿಲ್ಲಿಸಿದಳು. ನನ್ನನ್ನೇ ನೋಡುತ್ತಿದ್ದಾಳೆ. ಹಿಂದೆ ದನಿಗೂಡಿಸುವ ಗೆಳತಿಯರು ಇಲ್ಲಿಲ್ಲ. ಚಿಕ್ಕಂದಿನಿಂದ ಕೇಳಿದ ಹಾಡು, ನನಗೂ ಬರುತ್ತದೆ. ಏರ್ ಹೋಸ್ಟೆಸ್ ಬಂದೇಬಿಟ್ಟಳು. ಬರಲಿ. ಪೆನ್ನು ಕೆಳಗಿಡುತ್ತೇನೆ, ಈಗ ನನ್ನ ಸರದಿ.