ನಾಲ್ಕನೇ ಮೆಷಿನ್ನಿನ ನಂಬರು

ಜೂನ್ 3, ಮಂಗಳವಾರ

ಆರೂ ಕಸೂತಿ ಮೆಷಿನ್ನಿಗೆ ಎಣ್ಣೆ ಬಿಟ್ಟೆ. ನಾಲ್ಕನೆಯದು ಇವತ್ತೂ ಕೈಕೊಟ್ಟಿತು. ಸ್ಕೂಲ್ ಬ್ಯಾಡ್ಜಿನ ಅಂಚು ಒಂದು ಕಡೆ, ಅಕ್ಷರ ಒಂದು ಕಡೆ. ನಲವತ್ತು ಹಾಳು. ಅದನ್ನು ನಡೆಸುವವಳು ನನ್ನ ತಂಗಿ. ಸರ್ವಿಸ್‌ನವನು ಬಂದ, ಕಂಪ್ಯೂಟರ್ ನೋಡಿದ. "ಮೆಷಿನ್ ಸರಿ ಇದೆ. ಇವರಿಗೆ ಚೌಕಟ್ಟಿಗೆ ಬಟ್ಟೆ ಬಿಗಿಯೋಕೆ ಬರಲ್ಲ" ಅಂದ. ಹದಿನೆಂಟು ವರ್ಷದಿಂದ ಬಿಗಿಯುತ್ತಿದ್ದಾಳೆ! ಮಾಲೀಕರು ಶುಕ್ರವಾರದವರೆಗೆ ನೋಡುತ್ತಾರಂತೆ. ಆಮೇಲೆ ಅವಳು ಮನೆಗೆ.

ಜೂನ್ 4

ಮೆಷಿನ್ ಆನ್ ಮಾಡಿದಾಗ ಪುಟ್ಟ ಪರದೆಯಲ್ಲಿ ಒಂದು ನಂಬರು ಮಿಂಚಿ ಮಾಯವಾಗುತ್ತದೆ. ಒಳಗಿನ ಪ್ರೋಗ್ರಾಮಿನದು — ಫರ್ಮ್‌ವೇರ್ ಅನ್ನುತ್ತಾರೆ. ಉಳಿದ ಐದಕ್ಕೂ 3.2. ನಾಲ್ಕನೆಯದಕ್ಕೆ 3.4! ಸರ್ವಿಸ್‌ನವನಿಗೆ ಫೋನ್ ಮಾಡಿದೆ — ಏನಪ್ಪಾ, ಹೋದ ತಿಂಗಳು ಬಂದಾಗ ಹೊಸದು ತುಂಬಿದೆಯಾ?

"ಇಲ್ಲಮ್ಮ, ಅದು ಮೊದಲಿಂದ ಹಾಗೇ ಇರೋದು. ಬೇಕಾದ್ರೆ ಲಾಗ್ ನೋಡಿ."

ನೋಡಿದೆವು. ಕಂಪ್ಯೂಟರಿನ ಮಾತನ್ನು ಮೆಷಿನ್ನಿಗೆ ಮುಟ್ಟಿಸಲು ಡ್ರೈವರ್ ಅಂತ ಒಂದು ಪ್ರೋಗ್ರಾಮಿದೆ. ಲಾಗ್ ಅಂದರೆ ಅದರ ದಿನಚರಿ, ದಿನಾ ಬರೆಯುತ್ತದೆ — ಮೆಷಿನ್ ಸಿಕ್ಕಿತು, ಮೆಷಿನ್ ಸಿಕ್ಕಿತು. ಒಳಗೆ ಯಾವ ನಂಬರು, ಒಂದಕ್ಷರ ಇಲ್ಲ. ಮನೆಗೆ ಯಾರೋ ಬಂದಿದ್ದರು ಅಂತ ಹೇಳಿ, ಯಾರು ಅಂದರೆ ಗೊತ್ತಿಲ್ಲ ಅಂದ ಹಾಗೆ.

ಎಣ್ಣೆ ಬಿಟ್ಟ ದಿನ ಗುರುತು ಹಾಕಲು ಪ್ರತಿ ಮೆಷಿನ್ನಿಗೊಂದು ಕಾರ್ಡಿತ್ತು, ಅದರಲ್ಲಿ ನಾನು ಆ ನಂಬರೂ ಬರೆಯುತ್ತಿದ್ದೆ. "ಎಲ್ಲಾ ಕಂಪ್ಯೂಟರಲ್ಲಿರುತ್ತೆ, ಈ ಕಸ ಯಾಕೆ" ಅಂತ ಮೇ ತಿಂಗಳಿಂದ ಕಾರ್ಡು ನಿಲ್ಲಿಸಿದ್ದು ಇದೇ ಮಾಲೀಕರು. ಹಳೆಯದೆಲ್ಲ ಎಸೆದೆ. ಬಾಯಿ ಮುಚ್ಚಿಕೊಂಡು ಎಸೆದೆ. ನನ್ನ ತಲೆಗಿಷ್ಟು...

ಜೂನ್ 6, ಶುಕ್ರವಾರ, ಬೆಳಿಗ್ಗೆ 10

ತಂಗಿ ಊಟದ ಡಬ್ಬಿ, ಕತ್ತರಿ ಚೀಲಕ್ಕೆ ತುಂಬಿಕೊಂಡಳು. "ಅಕ್ಕಾ, ಇದರ ಕಾಲಡಿ ಕೊಟ್ಟಿದ್ದ ರಟ್ಟು ಜರುಗಿದೆ. ಇನ್ನು ಬರೋಳಿಗೆ ಅಲ್ಲಾಡುತ್ತೆ" ಅಂದಳು. ಹೋಗುವಾಗಲೂ ಮೆಷಿನ್ನಿನ ಚಿಂತೆ! ಸಿಟ್ಟಿನಲ್ಲಿ ರಟ್ಟು ಎಳೆದೆ. ನಾಲ್ಕು ಮಡಿಕೆ. ಬಿಚ್ಚಿದರೆ ಎಣ್ಣೆಯ ಹಳೇ ಕಾರ್ಡು. ನನ್ನದೇ ಅಕ್ಷರ. ನಾಲ್ಕನೇ ಮೆಷಿನ್, ಏಪ್ರಿಲ್ — 3.2, 3.2, 3.2.

ಮಧ್ಯಾಹ್ನ

ಕಾರ್ಡು ಮಾಲೀಕರ ಮೂಗಿನ ಮುಂದೆ ಹಿಡಿದೆ. ಸರ್ವಿಸ್‌ನವನನ್ನು ಕರೆಸಿದರು. "ಸಣ್ಣ ಅಪ್‌ಡೇಟ್ ಅಮ್ಮ, ಮರೆತಿದ್ದೆ" ಅಂದ. ಮರೆತಿದ್ದನಂತೆ! ಹಳೆಯದನ್ನೇ ಹಾಕಿಸಿದೆ. ಬ್ಯಾಡ್ಜು ನೆಟ್ಟಗೆ ಬಂತು. ತಂಗಿ ಡಬ್ಬಿ ಹೊರಗೆ ತೆಗೆದಳು.

ಡ್ರೈವರು ದಿನಾ ಆ ನಂಬರೂ ಬರೆಯಲಿ ಅಂದೆ.

"ಲಾಗ್ ಸುಮ್ನೆ ಉದ್ದ ಆಗುತ್ತಮ್ಮ. ಯಾರು ಓದ್ತಾರೆ?"

"ನಾನು ಓದ್ತೀನಿ ಕಣಯ್ಯ! ನಾಲ್ಕನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋಳು, ನಾನು ಓದ್ತೀನಿ! ಒಂದು ಸಾಲಿಗೆ ನಿಮ್ಮ ಕೈ ಸವೆಯುತ್ತಾ?"

ಕಂಪನಿಗೆ ಹೇಳುತ್ತಾನಂತೆ. ಹೇಳ್ತಾನೆ, ಹೇಳ್ತಾನೆ!

ಜೂನ್ 9, ಸೋಮವಾರ, 8.30

ಎಲ್ಲಕ್ಕೂ ಹೊಸ ಕಾರ್ಡು ಕಟ್ಟಿದೆ. ಒಂದು — 3.2. ಎರಡು — 3.2. ಮೂರೂ ಅದೇ. ನಾಲ್ಕು — 3.2, ತಂಗಿಯೇ ಜೋರಾಗಿ ಓದಿದಳು. ಐದು — 3.4.

ಶುಕ್ರವಾರ ಹೊರಡುವಾಗ ಆ ಸರ್ವಿಸ್‌ನವನು ಐದನೆಯದರ ಹತ್ತಿರ ಅಷ್ಟು ಹೊತ್ತು ಯಾಕೆ ನಿಂತಿದ್ದ... ಫೋನ್ ಎಲ್ಲಿ, ಆ ಬಡ್ಡಿಮಗನ...